ಈಳಿಗೆಮಣೆ ಗಿಟಾರ್

"ಏನಮ್ಮಾ ಇದು, ಹೆಣದ ಪೆಟ್ಟಿಗೆ ಥರ ಇದೆ?" ಕಂಡಕ್ಟರ್ ಜೋರಾಗಿ ಕೇಳಿದ.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸತ್ಯವತಿ ಕಿಟಕಿಯ ಕಡೆ ಮುಖ ತಿರುಗಿಸಿ, ಪಕ್ಕದಲ್ಲಿ ಕೂತವಳು ಯಾರೋ ಏನೋ ಎನ್ನುವಂತೆ ಕುಳಿತಳು.

"ಗಿಟಾರ್ ಕಣಪ್ಪ. ಎಲೆಕ್ಟ್ರಿಕ್ ಗಿಟಾರ್," ಎಂದಳು ವಿಮಲತ್ತೆ, ಉದ್ದನೆಯ ಕಪ್ಪು ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತ.

"ಕರೆಂಟಲ್ಲಿ ಹಾಡುತ್ತಾ? ಹಾಗಾದ್ರೆ ಅದಕ್ಕೂ ಒಂದು ಟಿಕೆಟ್ ತಗೊಳ್ಳಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆ ಲಗೇಜ್ ಟಿಕೆಟ್ ತೆಗೆದುಕೊಂಡಳು. ರಾಜಾಜಿನಗರದ ಸ್ಟಾಪು ಬಂದಾಗ ಸತ್ಯವತಿಯೇ ಮೊದಲು ಕೆಳಗೆ ಹಾರಿದಳು.

ವಿಮಲತ್ತೆ ಅಪ್ಪನ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವಳ ಜೊತೆ ಕೆಲಸ ಮಾಡುವ ಡೋರೀನ್ ಮಿಸ್ ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಳು. ಅವಳ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದಾಗ ಅಮೆರಿಕದಲ್ಲಿ ಕೊಂಡ ಗಿಟಾರ್ ಅದು. ಡೋರೀನ್ ಮಿಸ್ ಮಾರುತ್ತಾಳೆಂದು ಗೊತ್ತಾದ ಕೂಡಲೇ ವಿಮಲತ್ತೆ ಹೊಸ ಸೀರೆಯ ಆಸೆ ಬಿಟ್ಟು ಅದನ್ನೇ ಕೊಂಡಳು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಎದುರುಮನೆಯ ಅಕ್ಕಯ್ಯಮ್ಮ ಹಿಟ್ಟಿನ ಕೈಯಲ್ಲೇ ಬಂದರು. ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಶಿವಬಸಪ್ಪನವರು ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತರು. ಮಕ್ಕಳು ಕಿಟಕಿಗೆ ಜೋತುಬಿದ್ದರು.

ಅತ್ತೆ ಪೆಟ್ಟಿಗೆ ತೆರೆದಳು. ಒಳಗಿದ್ದದ್ದು ಹಳದಿ ಬಣ್ಣದ ಒಂದು ದಪ್ಪ ಹಲಗೆ. ಅದಕ್ಕೊಂದು ಉದ್ದ ಕತ್ತು, ಆರು ತಂತಿ, ಎರಡು ತಿರುಪು.

"ಇದಕ್ಕೆ ಬುರುಡೆ ಎಲ್ಲಿ?" ಶಿವಬಸಪ್ಪನವರು ಹುಬ್ಬೇರಿಸಿದರು. "ತಂಬೂರಿಗಾದ್ರೂ ಹೊಟ್ಟೆ ಇರುತ್ತೆ. ಇದಕ್ಕೆ ಒಂದು ತೂತೂ ಇಲ್ವಲ್ಲ! ಎಲ್ಲಿ, ನುಡಿಸಿ ನೋಡೋಣ."

ಅತ್ತೆ ಒಂದು ತಂತಿ ಮೀಟಿದಳು. ಸೊಳ್ಳೆ ಹಾಡಿದಂತೆ 'ಟಿಂ' ಎಂದಿತು, ಅಷ್ಟೆ.

"ಸದ್ದು ದೊಡ್ಡದು ಮಾಡೋಕೆ ಬೇರೆ ಪೆಟ್ಟಿಗೆ ಬೇಕು. ಅದನ್ನ ಡೋರೀನ್ ಮಿಸ್ ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ಲು," ಎಂದಳು ಅತ್ತೆ. "ರೇಡಿಯೋ ಹಿಂದುಗಡೆ ವೈರ್ ಸಿಕ್ಕಿಸಿದ್ರೂ ಆಗುತ್ತಂತೆ."

"ಸಂಬಳ ನಿಂದು, ಇಷ್ಟ ನಿಂದು," ಎಂದರು ಅಪ್ಪ ನಂಜುಂಡಪ್ಪ. "ಆದ್ರೆ ಅದರ ವೈರು ನನ್ನ ರೇಡಿಯೋ ಹತ್ರ ಬಂದ್ರೆ ನಾನು ಸುಮ್ನಿರಲ್ಲ."

ಸತ್ಯವತಿಗೆ ಬಸ್ಸಿನ ಅವಮಾನ ಇನ್ನೂ ಆರಿರಲಿಲ್ಲ. "ಇದು ಗಿಟಾರ್ ಅಲ್ಲ, ಈಳಿಗೆಮಣೆ!" ಎಂದು ಕೂಗಿದಳು. "ಈಳಿಗೆಮಣೆಗೆ ತಂತಿ ಕಟ್ಟಿದಾರೆ!"

ಕಿಟಕಿಯಲ್ಲಿದ್ದ ಮಕ್ಕಳು ಹೋ ಎಂದರು. ಅಕ್ಕಯ್ಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವಬಸಪ್ಪನವರಂತೂ "ಶಭಾಷ್ ಮಗೂ!" ಎಂದು ಬೆನ್ನು ತಟ್ಟಿದರು. ಸತ್ಯವತಿ ಉಬ್ಬಿಹೋದಳು.

ಅತ್ತೆ ಮಾತ್ರ ಪೆಟ್ಟಿಗೆ ಮುಚ್ಚಿ, ಅಕ್ಕಿಮೂಟೆ ಇಡುವ ಚಿಕ್ಕ ಕೋಣೆಗೆ ಎತ್ತಿಕೊಂಡು ಹೋದಳು.

ಮಾರನೆಯ ದಿನದಿಂದ ಅತ್ತೆ ಕೆಲಸಕ್ಕೆ ಹೊರಟರೆ ಸಾಕು, "ಈಳಿಗೆಮಣೆ ಅತ್ತೇ, ಸೊಪ್ಪು ಹೆಚ್ಚಿಕೊಡ್ತೀರಾ?" ಎಂದು ಹುಡುಗರು ಕೂಗತೊಡಗಿದರು. ಹೆಸರು ಕೊಟ್ಟವಳು ತಾನೇ ಎಂದು ಸತ್ಯವತಿ ಗೆಳತಿ ಯಶೋದಳ ಹತ್ತಿರ ಜಂಬ ಕೊಚ್ಚಿಕೊಂಡಳು.

ಕೆಲವು ದಿನ ಕಳೆದವು. ಒಂದು ಸಂಜೆ ಮನೆ ಮುಂದೆ ಕಾರು ನಿಂತಿತು. ಆ ಬೀದಿಗೆ ಕಾರು ಬರುವುದೇ ಅಪರೂಪ. ಇಳಿದವರು ಗಂಗಾಧರಯ್ಯನವರು, ದೊಡ್ಡ ಆಫೀಸರು. ಅಪರೂಪದ ಸಾಮಾನು ಕೂಡಿಸುವುದು ಅವರ ಹವ್ಯಾಸ. ಡೋರೀನ್ ಮಿಸ್ ಮನೆಗೆ ಹೋಗಿದ್ದರಂತೆ, ಆದರೆ ಅಷ್ಟರಲ್ಲಿ ಗಿಟಾರ್ ಮಾರಾಟವಾಗಿತ್ತಂತೆ.

ಅವರು ತಂತಿ ಮುಟ್ಟಲೇ ಇಲ್ಲ. ಗಿಟಾರನ್ನು ತಿರುಗಿಸಿ, ಕನ್ನಡಕ ಏರಿಸಿ, ಲೋಹದ ತಗಡಿನ ಮೇಲಿದ್ದ ಪುಟ್ಟ ನಂಬರು ನೋಡಿದರು. ಅವರ ಮುಖ ಅರಳಿತು.

"ಕಂಪನಿಯವರು ಈ ಮಾದರಿ ಮಾಡೋಕೆ ಶುರು ಮಾಡಿದಾಗ ಮೊದಮೊದಲು ಹೊರಗೆ ಬಂದಿದ್ದರಲ್ಲಿ ಒಂದು ಇದು. ಒಂದು ಗೀರೂ ಇಲ್ಲ! ನನ್ನ ಗಾಜಿನ ಬೀರುವಿನಲ್ಲಿ ಇರಬೇಕಾದದ್ದು. ಗ್ರಾಮಫೋನ್ ಪಕ್ಕದಲ್ಲೇ ಜಾಗ ಇದೆ."

"ಗ್ರಾಮಫೋನ್ ಹಾಡುತ್ತಾ ಸಾರ್?" ಸತ್ಯವತಿ ಕೇಳಿದಳು.

"ಹಾಡಿಸಿದ್ರೆ ಸವೆಯುತ್ತಲ್ಲಮ್ಮ," ಎಂದು ಅವರು ಅವಳ ದಡ್ಡತನಕ್ಕೆ ಮರುಗಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ನಿಮಗೆ ಇದನ್ನ ನುಡಿಸೋಕೆ ಬರುತ್ತೇನಮ್ಮ? ಇಲ್ಲ ತಾನೆ? ಟೆಲಿಫೋನ್ ಆಫೀಸಿನವರಿಗೆ ಇದೆಲ್ಲ ಯಾಕೆ? ನೀವು ಕೊಟ್ಟಿದ್ದಕ್ಕಿಂತ ಜಾಸ್ತಿನೇ ಕೊಡ್ತೀನಿ."

"ಇದನ್ನ ಮಾರಲ್ಲ ಸಾರ್," ಎಂದಳು ಅತ್ತೆ.

ಕಾರು ಹೋದ ಮೇಲೆ ಬೀದಿಯ ನಗು ಇನ್ನೊಂದು ಥರ ಆಯಿತು. "ಅಷ್ಟು ದೊಡ್ಡ ಮನುಷ್ಯರು ಮನೆ ಬಾಗಿಲಿಗೆ ಬಂದ್ರೂ ಕೊಡಲಿಲ್ಲವಲ್ಲ, ತಲೆ ನೆಟ್ಟಗಿದೆಯಾ ಇವಳಿಗೆ?" ಎಂದರು ಅಕ್ಕಯ್ಯಮ್ಮ. ಅಪ್ಪನೂ ಸಿಡುಕಿದರು: "ನುಡಿಸೋಕೆ ಬರಲ್ಲ, ಮಾರೋಕೂ ಒಪ್ಪಲ್ಲ. ಇಟ್ಕೊಂಡು ಪೂಜೆ ಮಾಡ್ತೀಯಾ?"

ಮರುದಿನ ಸತ್ಯವತಿಗೆ ಬೇಗ ಎಚ್ಚರವಾಯಿತು. ಹಾಲಿನವನು ಇನ್ನೂ ಬಂದಿರಲಿಲ್ಲ. ಚಿಕ್ಕ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಇಣುಕಿದರೆ, ಅತ್ತೆ ಅಕ್ಕಿಮೂಟೆಗೆ ಒರಗಿ ಗಿಟಾರ್ ತಬ್ಬಿಕೊಂಡು ಕೂತಿದ್ದಳು. ಬೆರಳುಗಳು ತಂತಿಯ ಮೇಲೆ ಓಡುತ್ತಿದ್ದವು. ಬಾಗಿಲ ತನಕವೂ ಸದ್ದು ಬರುತ್ತಿರಲಿಲ್ಲ.

"ಅದರಲ್ಲಿ ಏನೂ ಕೇಳಿಸಲ್ವಲ್ಲ, ಯಾಕೆ ಸುಮ್ನೆ ಕೆರೀತೀಯ?" ಎಂದಳು ಸತ್ಯವತಿ, ಮೂಗು ಮುರಿಯುತ್ತ.

ಅತ್ತೆ ಬೆಚ್ಚಿದಳು. ಆಮೇಲೆ, "ಬಾ ಇಲ್ಲಿ. ಕಿವಿ ಇಲ್ಲಿಡು," ಎಂದಳು.

ಸತ್ಯವತಿ ತಣ್ಣನೆಯ ಮರಕ್ಕೆ ಕಿವಿ ಹಚ್ಚಿದಳು. ಒಳಗೆ ಸರಿಗಮ ಓಡುತ್ತಿತ್ತು! ಸಂಗೀತ ಪಾಠದ ಮೊದಲ ಸರಳೆ. ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ. ನಡುವೆ ಒಂದು ಕಡೆ ಎಡವಿತು. ಮತ್ತೆ ಮೊದಲಿಂದ ಶುರುವಾಯಿತು.

"ಚಿಕ್ಕವಳಿದ್ದಾಗ ವೀಣೆ ಕಲೀತಿದ್ದೆ ಕಣೇ," ಎಂದಳು ಅತ್ತೆ ಮೆಲ್ಲಗೆ. "ಒಂದು ಸ್ವರ ತಪ್ಪಿದ್ರೆ ಸಾಕು, ಕಿಟಕಿ ಹತ್ರ ನಿಂತವರೆಲ್ಲ ನಗೋರು. ನಿಮ್ಮ ತಾತನಿಗೆ ಮರ್ಯಾದೆ ಹೋದ ಹಾಗಾಯ್ತು. ವೀಣೆನ ಯಾರಿಗೋ ಕೊಟ್ಟುಬಿಟ್ರು. ಇದರಲ್ಲಿ ತಪ್ಪು ನುಡಿಸಿದ್ರೆ ನನಗೊಬ್ಬಳಿಗೇ ಕೇಳೋದು."

ಅತ್ತೆಯ ಬೆರಳ ತುದಿಗಳಲ್ಲಿ ತಂತಿಯ ಗೆರೆ ಕೆಂಪಗೆ ಮೂಡಿತ್ತು. ಸತ್ಯವತಿ ಅದನ್ನೇ ನೋಡುತ್ತ ನಿಂತಳು. ಕಿಟಕಿಗೆ ಜೋತುಬಿದ್ದ ಮಕ್ಕಳು, ತಾನು ಕೂಗಿದ್ದು, ಶಿವಬಸಪ್ಪನವರ ಶಭಾಷ್, ಎಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

ಭಾನುವಾರ ಅತ್ತೆಗೆ ಡ್ಯೂಟಿ ಇತ್ತು. ಅವಳು ಹೋದ ಮೇಲೆ ಗಂಗಾಧರಯ್ಯನವರ ಕಾರು ಮತ್ತೆ ಬಂತು. ಅವರಿಗೆ ಹೇಳಿಕಳಿಸಿದ್ದು ಅಪ್ಪನೇ.

"ನೀವು ತಗೊಂಡು ಹೋಗಿ ಸಾರ್. ಅವಳಿಗೆ ನಾನು ಹೇಳ್ತೀನಿ. ಅವಳ ಒಳ್ಳೇದಕ್ಕೇ ತಾನೆ," ಎಂದರು ಅಪ್ಪ.

"ಅಪ್ಪಾ, ಅತ್ತೆ ಬರಲಿ," ಎಂದಳು ಸತ್ಯವತಿ.

"ದೊಡ್ಡವರ ಮಧ್ಯೆ ಬಾಯಿ ಹಾಕಬೇಡ. ಹೋಗು, ಪೆಟ್ಟಿಗೆ ತಗೊಂಡು ಬಾ."

ಕಿಟಕಿಯ ಹತ್ತಿರ ಆಗಲೇ ಬೀದಿಯವರು ಸೇರಿದ್ದರು. ಅತ್ತೆ ದಿನಾ ನುಡಿಸುತ್ತಾಳೆ ಎಂದು ಹೇಳಿಬಿಟ್ಟರೆ? 'ಎಲ್ಲಿ, ನುಡಿಸಲಿ ನೋಡೋಣ' ಅನ್ನುತ್ತಾರೆ. ಇದೇ ಕಿಟಕಿಯಲ್ಲಿ ನಿಂತು ಕೇಳುತ್ತಾರೆ. ಸತ್ಯವತಿ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಪೆಟ್ಟಿಗೆ ತೆರೆದಳು. ಗಿಟಾರಿನ ಮೇಲೆ ಒಂದು ಗೀರೂ ಇರಲಿಲ್ಲ. ಆಮೇಲೆ ತನ್ನ ಸ್ಕೂಲ್ ಚೀಲದಿಂದ ಕೈವಾರ ತಂದಳು. ಗಿಟಾರನ್ನು ಮಗುಚಿ ಹಾಕಿ, ಕಣ್ಣು ಮುಚ್ಚಿ, ಕೈವಾರದ ಮುಳ್ಳನ್ನು ಬೆನ್ನಿನ ಉದ್ದಕ್ಕೂ ಎಳೆದಳು. ಕಿರ್ರ್ ಎಂದಿತು. ಅಳು ಬಂತು. ನುಂಗಿಕೊಂಡು ಪೆಟ್ಟಿಗೆಯನ್ನು ನಡುಮನೆಗೆ ಎಳೆದು ತಂದಳು.

ಗಂಗಾಧರಯ್ಯನವರು ಗಿಟಾರ್ ತಿರುಗಿಸಿದರು. ಹಾವು ಕಂಡವರಂತೆ ಕೈ ಬಿಟ್ಟರು.

"ಯಾರು ಗೀರಿದ್ದು ಇದನ್ನ?"

"ನಾನು," ಎಂದಳು ಸತ್ಯವತಿ.

"ನಿಮ್ಮಂಥವರ ಮನೆಗೆ ಇಂಥ ವಸ್ತು ಬಂದ್ರೆ ಇನ್ನೇನಾಗುತ್ತೆ! ಇನ್ನಿದು ಯಾಕೆ ನನಗೆ?" ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡು ಕಾರು ಹತ್ತಿದರು.

ಅಪ್ಪನ ಏಟು ಕೆನ್ನೆಗೆ ಬಿತ್ತು. ಹೊರಗೆ ಅಕ್ಕಯ್ಯಮ್ಮ, "ಅತ್ತೆ ಥರಾನೇ ಆಗಿಹೋದಳಲ್ಲ ಇವಳೂ!" ಎಂದರು. ಎಲ್ಲರೂ ನಕ್ಕರು. ಸತ್ಯವತಿ ತಲೆ ತಗ್ಗಿಸಲಿಲ್ಲ.

ಸಂಜೆ ಅತ್ತೆ ಮನೆಗೆ ಬರುವ ಮೊದಲೇ ಬೀದಿಯವರು ಅವಳಿಗೆ ಎಲ್ಲ ಹೇಳಿದ್ದರು. ಅವಳು ನೇರ ಅಪ್ಪನ ಮುಂದೆ ನಿಂತಳು.

"ನನ್ನ ಒಂದು ಮಾತು ಕೇಳದೆ ಯಾಕೆ ಕೊಡೋಕೆ ಹೋದೆ ಅಣ್ಣಾ?"

ಅಪ್ಪ ರೇಡಿಯೋ ಹಾಕಿದರು.

ಚಿಕ್ಕ ಕೋಣೆಯಲ್ಲಿ ಅತ್ತೆ ಗೀರಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಳು.

"ಬೇಜಾರಾಯ್ತಾ ಅತ್ತೆ?"

"ಆಯ್ತು ಕಣೇ. ಎಷ್ಟು ಚೆನ್ನಾಗಿತ್ತು," ಎಂದಳು ಅತ್ತೆ. ಕಣ್ಣು ಒರೆಸಿಕೊಂಡಳು. ಆಮೇಲೆ ಸತ್ಯವತಿಯ ಊದಿದ ಕೆನ್ನೆಯನ್ನು ಸವರಿ, ಗಿಟಾರನ್ನು ಅವಳ ತೊಡೆಯ ಮೇಲಿಟ್ಟಳು. "ಬೆರಳು ಹೀಗೆ ಒತ್ತಬೇಕು. ಮೊದಲು ನೋಯುತ್ತೆ."

ಮಾರನೆಯ ಬೆಳಿಗ್ಗೆ ಸ್ಕೂಲಿನ ದಾರಿಯಲ್ಲಿ ಯಶೋದ ಓಡಿ ಬಂದು ಜೊತೆಯಾದಳು.

"ಏನೇ, ಆ ಈಳಿಗೆಮಣೆನ ಗೀರಿ ಹಾಳು ಮಾಡಿದ್ಯಂತೆ? ಸದ್ದೇ ಬರದೇ ಇರೋದಕ್ಕೆ ಹೋಗಿ ಏಟು ತಿಂದ್ಯಲ್ಲ! ಯಾಕೆ ಗೀರಿದೆ ಹೇಳೇ."

ಉತ್ತರ ಸತ್ಯವತಿಯ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಯಶೋದ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

"ಸುಮ್ನೆ," ಎಂದಳು ಸತ್ಯವತಿ.

"ಹುಚ್ಚಿ ಕಣೇ ನೀನು!" ಯಶೋದ ಬಿದ್ದು ಬಿದ್ದು ನಕ್ಕಳು.

ಸತ್ಯವತಿ ಅವಳನ್ನು ನಗಲು ಬಿಟ್ಟು, ಚೀಲ ಹೆಗಲಿಗೇರಿಸಿ ಮುಂದೆ ನಡೆದಳು.