ಅಟ್ಟದ ಮೇಲಿನ ಪ್ರಿಂಟರ್

ಶಬ್-ಎ-ಬರಾತ್ ದಿನ ಮಧ್ಯಾಹ್ನ ಹುಣಸೂರಿನ ನಮ್ಮ ಮನೆಯ ಅಟ್ಟ ಗುಡಿಸುತ್ತಿದ್ದೆ. ಆರು ವರ್ಷದ ಹಿಂದೆ ತೀರಿಕೊಂಡ ಯಜಮಾನರು ಆಸೆಪಟ್ಟು ಕೂಡಿಟ್ಟಿದ್ದ ಹಳೇ ಕಂಪ್ಯೂಟರುಗಳು ಮೂಲೆಯಲ್ಲಿದ್ದವು, ನಾನು ಮರೆತೇಬಿಟ್ಟಿದ್ದೆ. ಎಲ್ಲದರ ಮೇಲೂ ಧೂಳು. ಒಂದು ಪ್ರಿಂಟರ್ ಮಾತ್ರ ಚೊಕ್ಕಟವಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಅಟ್ಟಕ್ಕೆ ಕರೆಂಟೇ ಇಲ್ಲ.

ಅದರಲ್ಲೊಂದು ಹಾಳೆ: “ತಮ್ಮಾ ಸೈಫುಲ್ಲಾ, ತಪ್ಪು ನನ್ನದೇ. ಮಾಫ್ ಮಾಡು.” ಕೆಳಗೆ ಅವತ್ತಿನದೇ ತಾರೀಕು.

ಬರಾತಿಗೆ ಒಬ್ಬರಿಗೊಬ್ಬರು ಮಾಫಿ ಕೇಳುವುದು ನಮ್ಮಲ್ಲಿ ರೂಢಿ. ಜಗಳವಾಡಿ ಮಾತು ಬಿಟ್ಟಿದ್ದ ತಮ್ಮನಿಗೆ ವರ್ಷಾ ವರ್ಷಾ “ಈ ಸಲ ಬರೀತೀನಿ ಕಣೇ” ಅನ್ನುತ್ತಿದ್ದ ಯಜಮಾನರು ಬರೆಯದೆಯೇ ಹೋಗಿದ್ದರು.

ಕೆಳಗಿನಿಂದ ಸೊಸೆ ಶಹನಾಜ್ ಕೂಗಿದಳು: “ಅಮ್ಮೀ, ಬೆಳಗಿಂದ ಟರ್ ಟರ್ ಅಂತ ಅದೇನ್ ಓಡಿಸ್ತಿದ್ದೀರಿ? ಮಾವನ ಹುಚ್ಚು ನಿಮಗೂ ಹಿಡೀತಾ?”

ನಾನು ಅಟ್ಟ ಹತ್ತಿದ್ದೇ ಮಧ್ಯಾಹ್ನ.

ಹಾಳೆಯನ್ನು ಲಕೋಟೆಯಲ್ಲಿಟ್ಟು, ಸೈಫುಲ್ಲಾನ ಸಾಲಿಗ್ರಾಮದ ವಿಳಾಸ ಬರೆದು, ಸಂಜೆಯೊಳಗೆ ಅಂಚೆಗೆ ಹಾಕಿದೆ. ಕಳಿಸಿದವರ ಜಾಗದಲ್ಲಿ ಅವರ ಹೆಸರನ್ನೇ ಬರೆದೆ: ಜಬ್ಬಾರ್.