ತೊಳೆದಿಟ್ಟ ಡಬ್ಬಿ

"ಶೇಂಗಾ ಉಂಡೆ ತಂದಿದ್ದೀರಾ?"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ನೀರಜಾಳ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಜಾರಿ ಬೀಳುವುದೊಂದು ಬಾಕಿ. ಎಂಟು ವರ್ಷ... ಈ ದನಿ ಇನ್ನೊಮ್ಮೆ ಕಿವಿಗೆ ಬೀಳದಿದ್ದರೆ ಸಾಕು ಎಂದು ಬೇಡಿಕೊಂಡು ಕಳೆದ ಎಂಟು ವರ್ಷ.

ತಿರುಗಿದಳು. ಗ್ರೆಗರಿ! ಕಪ್ಪು ಸೂಟು, ಕಿವಿಯ ಪಕ್ಕ ನರೆತ ಕೂದಲು. ಕಣ್ಣು ಮಾತ್ರ ಅದೇ ಕಣ್ಣು.

"ಗುನ್‌ವೋರ್‌ಗೆ ಇಷ್ಟ ಇತ್ತಲ್ಲ," ಎಂದಷ್ಟೇ ಹೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ದನಿ ನಡುಗಲಿಲ್ಲ ಎಂದು ಅವಳು ಅಂದುಕೊಂಡಳು, ಪಾಪ.

ಅದು ಚರ್ಚಿನ ಪಕ್ಕದ ಹಾಲ್. ಊರು ಲಿಂಡೆಹಾಮ್, ಸ್ವೀಡನ್ನಿನ ದಕ್ಷಿಣದ ಕಡಲಂಚಿನಲ್ಲಿ, ಕಾರ್ಲ್‌ಸ್ಕ್ರೂನಾದಿಂದ ಬಸ್ಸಿನಲ್ಲಿ ಒಂದು ಗಂಟೆ. ಗುನ್‌ವೋರ್ ಅಜ್ಜಿಯನ್ನು ಆಗಷ್ಟೇ ಮಣ್ಣು ಮಾಡಿ ಎಲ್ಲರೂ ಕಾಫಿಗೆ ಬಂದು ಕೂತಿದ್ದರು. ತೀರಿಕೊಂಡು ಮೂರು ವಾರ ಕಳೆದ ಮೇಲೆ ಅಂತ್ಯಕ್ರಿಯೆ... ಈ ದೇಶದ ಈ ಒಂದು ಪದ್ಧತಿ ನೀರಜಾಳಿಗೆ ಇವತ್ತಿಗೂ ಒಗ್ಗಿಲ್ಲ. ಆದರೆ ಆ ಮೂರು ವಾರದ ಬಿಡುವು ಇರದಿದ್ದರೆ ಅವಳು ಗೋಥೆನ್‌ಬರ್ಗ್‌ನಿಂದ, ಅವನು ಸೋಡರ್‌ಟೆಲ್ಯೆಯಿಂದ ಇಲ್ಲಿಗೆ ಬಂದು ಎದುರುಬದುರಾಗುತ್ತಲೂ ಇರಲಿಲ್ಲ.

ಅವನೇ ಮಾತು ಮುಂದುವರಿಸಿದ. ಲಾರಿ ಕಾರ್ಖಾನೆಯ ಕೆಲಸ ಬಿಟ್ಟನಂತೆ. ಮನೆ ಖಾಲಿ ಮಾಡಿದನಂತೆ. ಮುಂದಿನ ವಾರ ಮಂಗಳೂರಿಗೆ.

"ರಜೆಗಾ?"

"ಅಲ್ಲ. ಪೂರ್ತಿ ಹೋಗುದು. ಇಲ್ಲಿ ನಂದು ಅಂತ ಎಂತ ಉಂಟು ಹೇಳಿ?"

'ಹೋಗಲಿ, ನನಗೇನಂತೆ?' ಎಂದುಕೊಂಡಳು ನೀರಜಾ. ಹಾಗೆ ಅಂದುಕೊಂಡವಳು ಖಾಲಿಯಾದ ಕಾಫಿ ಕಪ್ಪನ್ನೇ ಮತ್ತೆ ತುಟಿಗೆ ಎತ್ತಿದಳು.

ಸುತ್ತ ಊರಿನ ಹಿರಿಯರು ಮೇಳದ ವರ್ಷದ ಮಾತೆತ್ತಿದ್ದರು. ಲಿಂಡೆಹಾಮ್‌ನಲ್ಲಿ ಯಾವ ಮಾತು ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಯಾರ ಮದುವೆ, ಯಾರ ಮೊಮ್ಮಗು, ಎಲ್ಲವೂ ಮೇಳಕ್ಕೆ ಮುಂಚೆ ಇಲ್ಲವೇ ಮೇಳ ಆದಮೇಲೆ. ಸುಮ್ಮನೆ ಮೀನು ಹಿಡಿದುಕೊಂಡಿದ್ದ ಊರಿಗೆ ಒಂದು ಬೇಸಿಗೆ ಇಡೀ ಜಗತ್ತೇ ಬಂದಿಳಿದರೆ ಇನ್ನೇನಾಗುತ್ತದೆ?

ವಿಶ್ವಮೇಳ! ಊರಿಗೆ ಇದ್ದದ್ದು ಎರಡೇ ಹೋಟೆಲು. ಕೊಮ್ಮೂನ್‌ನವರು, ಅಂದರೆ ಊರಿನ ಆಡಳಿತದವರು, ಮನೆಮನೆಯ ಬಾಗಿಲು ತಟ್ಟಿ ಒಂದು ಕೋಣೆ ಕೊಡಿ ಎಂದು ಕೇಳಿಕೊಂಡಿದ್ದರು. ದೋಣಿ ಇಡುವ ಶೆಡ್ಡಿನಲ್ಲಿ ಬ್ರೆಜಿಲ್‌ನವರು ಮಲಗಿದರು. ಒಬ್ಬ ಪುಣ್ಯಾತ್ಮ ಪೂರ್ತಿ ಮನೆಯನ್ನೇ ಬಿಟ್ಟುಕೊಟ್ಟು ಬೆಕ್ಕಿನ ಜೊತೆ ಕಾರಿನಲ್ಲಿ ಮಲಗಿದ. ಗುನ್‌ವೋರ್ ಅಜ್ಜಿ ಮಹಡಿಯ ಕೋಣೆಯನ್ನು ಭಾರತದ ಪೆವಿಲಿಯನ್‌ನ ಗೈಡ್ ಹುಡುಗಿಗೆ ಕೊಟ್ಟಳು, ನೆಲಮಾಳಿಗೆಯನ್ನು ಅದೇ ಪೆವಿಲಿಯನ್‌ನ ದೀಪಗಳ ಎಂಜಿನಿಯರಿಗೆ.

ಗೈಡ್ ಧಾರವಾಡದ ನೀರಜಾ. ಎಂಜಿನಿಯರ್ ಮಂಗಳೂರಿನ ಗ್ರೆಗರಿ.

ಅವನು ಊರು ಏಳುವ ಮುಂಚೆ ಹೊರಡಬೇಕು, ಅವಳು ಏಳುವುದು ಎಂಟಕ್ಕೆ. ಒಂದೇ ಸೂರಿನ ಕೆಳಗಿದ್ದರೂ ಮುಖ ಕಾಣುವುದು ಅಪರೂಪ. ಬರೀ ಬ್ರೆಡ್ ತಿಂದು ಸೊರಗುತ್ತಿದ್ದಾನೆ ಎಂದು ಕನಿಕರಪಟ್ಟು ನೀರಜಾ ಒಂದು ದಿನ ಅಡುಗೆಮನೆಯ ಮೇಜಿನ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟಳು. ಸಂಜೆ ಅದು ಖಾಲಿಯಾಗಿ ವಾಪಸ್ ಬಂತು.

ಅವಳು ಬಿಡುವವಳೇ? ಕಂಡಾಗ ಕಾಲೆಳೆದಳು. "ನಿಮ್ಮ ಕಡೆ ಡಬ್ಬೀನ ಖಾಲಿ ಕೊಡ್ತಾರಾ? ನಮ್ಮಲ್ಲಿ ಮನೇಲಿ ಏನೂ ಇಲ್ಲ ಅಂದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಿ ಕೊಡ್ತಾರೆ."

ಅವನು ಕಿವಿಯವರೆಗೆ ಕೆಂಪಾದ. ಆಮೇಲೆ ಆ ಡಬ್ಬಿ ಒಮ್ಮೆಯೂ ಖಾಲಿ ಬರಲಿಲ್ಲ. ಏಲಕ್ಕಿ ಬನ್ನು, ಹಿತ್ತಿಲ ಚೆರಿಹಣ್ಣು, ಒಂದೊಂದು ದೇಶದ ಪೆವಿಲಿಯನ್‌ನಲ್ಲಿ ಕಾಡಿಬೇಡಿ ತಂದ, ಅಂಗಿಗೆ ಸಿಕ್ಕಿಸುವ ಪಿನ್ನು... ಪೆರು ದೇಶದ ಪಿನ್ನು ಬಂದ ದಿನ ಅದರ ಕೆಳಗೆ ಒಂದು ಕಾಡುಹೂವೂ ಇತ್ತು. ನೀರಜಾ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಅಷ್ಟೇ. ಬಾಯಿಬಿಟ್ಟು ಅವನು ಏನೂ ಹೇಳಲಿಲ್ಲ. ಮೇಳ ಮುಗಿಯುತ್ತ ಬಂತು. ಧಾರವಾಡದಲ್ಲಿ ಅಪ್ಪ ಒಂದು ಸಂಬಂಧ ನೋಡಿಟ್ಟು ಹೂಂ ಅನ್ನು ಎಂದು ದಿನಾ ಫೋನು ಮಾಡುತ್ತಿದ್ದರು. ಇವಳು ಹಿಂದೂ, ಅವನು ಕ್ರಿಶ್ಚಿಯನ್. ಊರಿನಲ್ಲಿ ಅವನ ವಿಧವೆ ತಾಯಿ ಏನನ್ನುತ್ತಾರೋ. ಕಾದು ಕಾದು ಸಾಕಾಗಿ, ಮುಕ್ತಾಯದ ಹಿಂದಿನ ಸಂಜೆ ಅವಳೇ ಕೇಳಿದಳು. ಕೇಳಿದ ರೀತಿಯೂ ಅವಳದೇ.

"ಮುಖ ನೋಡ್ಕೊಂಡು ಬೇಡ ಅನ್ನೋದು ಯಾರಿಗೂ ಕಷ್ಟ. ಡಬ್ಬಿ ಇಟ್ಟಿರ್ತೀನಿ. ನನ್ನನ್ನ ಮದುವೆ ಆಗೋ ಮನಸ್ಸಿದ್ರೆ ಏನಾದ್ರೂ ಹಾಕಿ ಕೊಡಿ. ಖಾಲಿ ಬಂದ್ರೆ ಹೊರಟುಬಿಡ್ತೀನಿ. ಆಮೇಲೆ ಆ ಮಾತೇ ಬೇಡ. ನಾನೂ ಕೇಳಲ್ಲ, ನೀವೂ ಹೇಳಬಾರದು."

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದರೆ ಡಬ್ಬಿ ಹೊಸ್ತಿಲಲ್ಲಿ ಕಾದಿತ್ತು. ಮಡಚಿದ ಬಿಳಿ ಕರವಸ್ತ್ರದ ಮೇಲೆ, ಅಂಚಿನಲ್ಲಿ ಒಂದು ಹನಿ ನೀರೂ ಇಲ್ಲದಂತೆ ಒರೆಸಿ. ನೀರಜಾ ಮುಚ್ಚಳ ತೆಗೆದಳು.

ಫಳಫಳ ಹೊಳೆಯುತ್ತಿತ್ತು. ಖಾಲಿ.

ಇಷ್ಟು ಚೆನ್ನಾಗಿ ತೊಳೆದು ಬೇಡ ಅಂದನಲ್ಲ... ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಮುಕ್ತಾಯ ಸಮಾರಂಭಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ಅವನ ಫೋನು ಮೇಲಿಂದ ಮೇಲೆ ಬಂತು. ಸಮಾಧಾನ ಹೇಳುವುದಕ್ಕೆ ಇರಬೇಕು, ಯಾರಿಗೆ ಬೇಕು ಅವನ ಸಮಾಧಾನ ಎಂದು ತೆಗೆಯಲಿಲ್ಲ. ಕೊನೆಗೆ ನಂಬರನ್ನೇ ಬದಲಿಸಿ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಹಿಡಿದಳು. ಅಪ್ಪ ನೋಡಿದ ಸಂಬಂಧಕ್ಕೆ ಒಲ್ಲೆ ಎಂದಳು. ಆಮೇಲೆ ಬಂದವಕ್ಕೂ ಒಲ್ಲೆ ಎಂದಳು. ಪ್ರತಿ ಕ್ರಿಸ್‌ಮಸ್‌ಗೆ ಗುನ್‌ವೋರ್ ಫೋನು ಮಾಡಿ ಇಬ್ಬರೂ ಜೊತೆಯಾಗಿ ಯಾಕೆ ಬರುವುದಿಲ್ಲ ಎಂದು ಕೇಳುವಳು. ನೀರಜಾ ಹವಾಮಾನದ ಮಾತೆತ್ತುವಳು.

ಈಗ ಹಾಲ್‌ನಲ್ಲಿ ಜನ ಕರಗುತ್ತ ಬಂದಿತ್ತು. ಖಾಲಿ ಕಪ್ಪುಗಳನ್ನು ಹಿಡಿದು ಅಡುಗೆಕೋಣೆಯ ಬಾಗಿಲಿಗೆ ಬಂದ ನೀರಜಾ ಅಲ್ಲೇ ನಿಂತಳು.

ಒಳಗೆ ಗ್ರೆಗರಿ ಒಬ್ಬನೇ. ಅವಳ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಉಂಡೆಯನ್ನು ತಿಂದು ಮುಗಿಸಿದ. ಒಂದು ಕ್ಷಣ ಡಬ್ಬಿಯ ತಳ ನೋಡಿದ. ಆಮೇಲೆ ಕಾಫಿ ಟ್ರೇಯಿಂದ ಎರಡು ಸಕ್ಕರೆ ತುಂಡು ತೆಗೆದು ಅದರೊಳಗೆ ಹಾಕಿ, ಕೋಟು ತೊಟ್ಟು, ಹಿಂಬಾಗಿಲಿನಿಂದ ಹೊರಟುಹೋದ.

ಅಂದರೆ ನೆನಪಿದೆ! ಎಲ್ಲ ನೆನಪಿದೆ ಇವನಿಗೆ... ಹಾಗಿದ್ದರೆ ಅವತ್ತು ಬೇಕೆಂದೇ ಖಾಲಿ ಕೊಟ್ಟಿದ್ದು. ಇವತ್ತು ಇದೇನು, ಗಾಯಕ್ಕೆ ಉಪ್ಪು ಸವರುವುದಕ್ಕಾ?

ಅಷ್ಟರಲ್ಲಿ ಗುನ್‌ವೋರ್ ಅಜ್ಜಿಯ ಮಗಳು ಮಾಲಿನ್ ಸರಸರ ಬಂದಳು. ಅಳುಮೋರೆಯಲ್ಲೇ ಪಾತ್ರೆಗಳಿಗೆ ಕೈ ಹಾಕಿದಳು. ಡಬ್ಬಿಯನ್ನೆತ್ತಿ ಸಕ್ಕರೆಯನ್ನು ಕಸದ ಬುಟ್ಟಿಗೆ ಕೊಡವಿದಳು, ಸೋಪು ಹಾಕಿ ತಿಕ್ಕಿದಳು, ಒರೆಸಿದಳು, ಅಂಚನ್ನು ಇನ್ನೊಮ್ಮೆ ಒರೆಸಿ ಬಿಳಿ ಕರವಸ್ತ್ರದ ಮೇಲಿಟ್ಟು ನೀರಜಾಳಿಗೆ ಕೊಟ್ಟಳು.

ಒಳಗೆ ಸಕ್ಕರೆ ಇತ್ತಲ್ಲ ಎಂದು ನೀರಜಾ ಕೇಳಿದಳು.

"ಯಾರೋ ಬಿಟ್ಟುಹೋದ ಚೂರು, ಚೆಲ್ಲಿದೆ," ಎಂದಳು ಮಾಲಿನ್. "ಬೇರೆಯವರ ಡಬ್ಬೀನ ಹಾಗೇ ಕೊಡಬಾರದು ಅಂತ ಅಮ್ಮ ಕಲಿಸಿದ್ದು. ಅಮ್ಮನ ಕಣ್ಣಿಗೆ ಡಬ್ಬಿ ಬಿದ್ರೆ ಸಾಕು, ತೊಳೆದು, ಒರೆಸಿ, ಅವರ ಬಾಗಿಲಿಗೇ ಇಟ್ಟು ಬರ್ತಿದ್ರು."

ನೀರಜಾ ಡಬ್ಬಿಯನ್ನು ನೋಡಿದಳು. ಕರವಸ್ತ್ರವನ್ನು ನೋಡಿದಳು.

ಅಯ್ಯೋ ದೇವರೇ... ಅಜ್ಜಿ!

ಸಿಟ್ಟಾಗಬೇಕೆಂದರೂ ಆಗಲಿಲ್ಲ. ಎಷ್ಟು ಅಕ್ಕರೆಯಿಂದ ಒರೆಸಿ ಇಟ್ಟಿದ್ದಳೋ ಆ ಮುದುಕಿ. ಕಣ್ಣು ತುಂಬಿಕೊಂಡೇ ನೀರಜಾ ಡಬ್ಬಿ ಹಿಡಿದು ಹಿಂಬಾಗಿಲಿನಿಂದ ಓಡಿದಳು. ಕೋಟು ಒಳಗೇ ಉಳಿಯಿತು. ಬಸ್ಸು ಹೋಗಿಬಿಟ್ಟರೆ? ಮುಂದಿನ ವಾರ ಅವನು ಈ ದೇಶದಲ್ಲೇ ಇರುವುದಿಲ್ಲ. ಅವನ ನಂಬರೂ ಅವಳ ಹತ್ತಿರ ಇಲ್ಲ.

ಬಸ್ ನಿಲ್ದಾಣ ಹಳೆಯ ಮೇಳದ ಮೈದಾನದ ಎದುರಿಗೆ. ಭಾರತದ ಪೆವಿಲಿಯನ್ ಈಗ ದಾಗಿಸ್, ಪುಟ್ಟ ಮಕ್ಕಳನ್ನು ಬಿಡುವ ಜಾಗ. ಅವಳು ನಿಂತು ಜನರನ್ನು ಸ್ವಾಗತಿಸುತ್ತಿದ್ದ ಕಮಾನಿನ ಕೆಳಗೆ ಮಕ್ಕಳ ರಬ್ಬರ್ ಬೂಟುಗಳು ಸಾಲಾಗಿದ್ದವು. ಗ್ರೆಗರಿ ಅದನ್ನೇ ನೋಡುತ್ತ ನಿಂತಿದ್ದ.

"ಡಬ್ಬಿ ಖಾಲಿ ಇತ್ತುರೀ," ಎಂದಳು ಏದುಸಿರು ಬಿಡುತ್ತ. ಇಷ್ಟು ವರ್ಷ ನಾಲಿಗೆಯ ಮೇಲೆ ಹಿಡಿದಿಟ್ಟಿದ್ದ ಧಾರವಾಡ ಕೈಮೀರಿ ಬಂದುಬಿಟ್ಟಿತು. "ಅವತ್ತ ನನ್ನ ಕೈಗೆ ಬಂದಾಗ ಖಾಲಿ ಇತ್ತು. ನೀವು ಏನ್ ಹಾಕಿದ್ರಿ? ಖರೇ ಹೇಳ್ರಿ."

ಅವನ ಮುಖ ಬಿಳಿಚಿತು. "ಖಾಲಿಯಾ? ಸಕ್ಕರೆ ಹಾಕಿದ್ದೆ ನಾನು. ಎರಡು ಚಮಚ. ಮೇಜಿನ ಮೇಲೆ ಇಟ್ಟು ಕೆಲಸಕ್ಕೆ ಹೋದೆ."

"ಗುನ್‌ವೋರ್ ತೊಳದಿಟ್ಟಾಳ್ರೀ... ಕೊಳೆ ಅಂದ್ಕೊಂಡು."

ಬಸ್ಸು ಬಂತು, ಬಾಗಿಲು ತೆರೆಯಿತು. ಅವನು ಅತ್ತ ನೋಡಲೂ ಇಲ್ಲ. ಬಸ್ಸು ತನ್ನ ಪಾಡಿಗೆ ಹೊರಟುಹೋಯಿತು.

ಆ ದಿನ ಹೊಸ ಶರ್ಟು ತೊಟ್ಟು ಇದೇ ಕಮಾನಿನ ಕೆಳಗೆ ಕಾದದ್ದನ್ನು ಅವನು ಹೇಳಿದ. ದೀಪಗಳೆಲ್ಲ ಆರಿದ ಮೇಲೂ ಕಾದನಂತೆ. ಅವಳು ಮನಸ್ಸು ಬದಲಿಸಿದ್ದಾಳೆ, ಬಲವಂತ ಮಾಡುವುದು ಹೇಗೆ ಎಂದುಕೊಂಡನಂತೆ. ಕೇಳುತ್ತ ನೀರಜಾ ಬೆಂಚಿನ ಮೇಲೆ ಕುಸಿದು ಅತ್ತಳು. ಎಂಟು ವರ್ಷ! ಯಾರ ತಪ್ಪು ಅಂತ ಅತ್ತುಕೊಳ್ಳಬೇಕು? ಮಾತೇ ಬೇಡ ಅಂದವಳು ಅವಳೇ ಅಲ್ಲವೇ?

ಅವನು ತನ್ನ ಕೋಟು ತೆಗೆದು ಅವಳಿಗೆ ಹೊದಿಸಿದ. ಕೈ ಅವಳ ಭುಜದ ಮೇಲೇ ಉಳಿಯಿತು.

"ಅವತ್ತು ಡಬ್ಬಿ ಮುಟ್ಟುವ ಮುಂಚೆ ಅಮ್ಮನಿಗೆ ಫೋನ್ ಮಾಡಿದ್ದೆ," ಎಂದ. "ಬೈತಾರೆ ಅಂತ ಹೆದರಿದ್ದೆ. ಬೈಲಿಲ್ಲ. ಮನೇಲಿ ಎಂತ ಉಂಟು ಅಂತ ಕೇಳಿದ್ರು. ಸಕ್ಕರೆ ಮಾತ್ರ ಅಂದೆ."

"ಏನಂದ್ರು ಅವರು?"

"'ಹಾಗಾದ್ರೆ ಸಕ್ಕರೆ ಕೊಡು. ಆಮೇಲೆ ಆ ಹುಡುಗಿಯನ್ನು ನನ್ನ ಹತ್ರ ಕರ್ಕೊಂಡು ಬಾ' ಅಂದ್ರು."

ನೀರಜಾ ಮೊದಲ ಸಲ ಅವನ ಕೈ ಹಿಡಿದಳು. "ಹಂಗಾದ್ರ ಕರ್ಕೊಂಡ್ ಹೋಗ್ರಿ."

ಅವನು ಮುಖ ತಿರುಗಿಸಿ ಸಾಲಾಗಿದ್ದ ಬೂಟುಗಳತ್ತ ನೋಡಿದ.

"ಅಮ್ಮ ಈಗ ಇಲ್ಲ ನೀರಜಾ. ಮೂರು ವರ್ಷ ಆಯ್ತು. ಕೊನೆವರೆಗೂ ನಿಮ್ಮನ್ನೇ ಕೇಳ್ತಿದ್ರು. ನಮ್ಮ ಚರ್ಚಿನ ಹಿಂದೆ ಮಣ್ಣು ಮಾಡಿದ್ದೇವೆ."

ಅವಳು ಖಾಲಿ ಡಬ್ಬಿಯನ್ನು ಎದೆಗೊತ್ತಿಕೊಂಡಳು. ಇನ್ನೊಂದು ಕೈ ಅವನ ಕೈಯನ್ನು ಬಿಡಲಿಲ್ಲ.

"ಅಲ್ಲಿಗೇ ಕರ್ಕೊಂಡ್ ಹೋಗ್ರಿ."