ಮಂಚದ ಎಡಗಡೆಯ ಕೈ

ನನ್ನ ಗಂಡ ಗೋಪಿಯವರು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿ. ಕಳೆದ ಮಾರ್ಚಿನಲ್ಲಿ ಏಣಿಯಿಂದ ಜಾರಿದಾಗ ಅವರ ಕುತ್ತಿಗೆ ಹಲಗೆಯ ಅಂಚಿಗೆ ಬಡಿಯಿತು. ನಗುತ್ತಲೇ ಎದ್ದು ಮನೆಗೆ ಬಂದರು.

ಮರುದಿನ ಮಧ್ಯಾಹ್ನ ಆ ಕುತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದೆ. ಬಲಗಡೆ ಬೆರಳಿಟ್ಟಲ್ಲಿ ಚರ್ಮದಡಿ ಏನೋ ಗುಂಯ್‌ಗುಟ್ಟಿತು. ಕಿವಿಯಿಟ್ಟೆ. ಯಾರೋ ದೂರದಲ್ಲಿ ಮರ ಕೊಯ್ಯುತ್ತಿರುವಂಥ ಸದ್ದು.

"ಒಳ್ಗೆ ಎಂತ ಶಬ್ದ?" ಎಂದೆ.

"ನಂಗೆಂತ ಕೇಂತಿಲ್ಲ," ಎಂದರು. ಆಗಲೇ ಅವರ ಬಾಯಿ ಒಂದು ಕಡೆಗೆ ವಾಲಿತು. ಬಲಗೈಯಿಂದ ತಮ್ಮದೇ ಎಡಗೈಯನ್ನು ಎತ್ತಿ ನನ್ನತ್ತ ಚಾಚಿದರು.

"ಇದ್ ಯಾರ್ ಕೈ ಮರಾಯ್ತಿ? ತಣ್ಣಗಿತ್. ಆಚಿಗೆ ಇಡ್."

ಮುಟ್ಟಿದೆ. ನಿಜಕ್ಕೂ ತಣ್ಣಗಿತ್ತು.

ಕುತ್ತಿಗೆಯ ರಕ್ತನಾಳದಲ್ಲಿ ವರ್ಷಗಳಿಂದ ಕೊಬ್ಬು ಕಟ್ಟಿಕೊಂಡಿತ್ತಂತೆ; ಪೆಟ್ಟಿಗೆ ಅದರ ಚೂರು ಕಳಚಿ ಮಿದುಳಿಗೆ ಹೋಗಿದೆ ಎಂದರು ಕುಂದಾಪುರದ ಡಾಕ್ಟರು. ಜೀವ ಉಳಿಯಿತು, ಮಾತು ತಿಳಿಯಾಯಿತು. ಎಡಗೈಗೆ ಮಾತ್ರ ಬಲ ಬರಲಿಲ್ಲ, ಇನ್ನು ಬರಲಿಕ್ಕೂ ಇಲ್ಲವಂತೆ. ಅದು ತಮ್ಮ ಕೈಯೆಂದು ಅವರು ಈಗಲೂ ಒಪ್ಪುವುದಿಲ್ಲ; ಮಂಚದಲ್ಲಿ ಎಡಗಡೆ ಜಾಗ ಬಿಟ್ಟು ಮಲಗುತ್ತಾರೆ.

"ಅವ್ರಿಗೂ ಮನಿಕಂಬುಕೆ ಜಾಗ ಬೇಕಲ್ದಾ," ಎನ್ನುತ್ತಾರೆ.

ನಿನ್ನೆ ಊಟವಾದ ಮೇಲೆ ಅವರು ಗೊರಕೆ ಹೊಡೆಯುತ್ತಿದ್ದರು. ದಿಂಬು ಸರಿಮಾಡಿ ಏಳಲು ಹೋದೆ, ಆಗಲಿಲ್ಲ. ಆ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.